ಉಸಿರಿನ ಸಾಲು

ಹೆಳವ ಬಾಗಿಲಿಗೆ ಬಂದರೆ ಆ ಮನೆಯ ಸತ್ತವರೆಲ್ಲ ಎದ್ದು ಬಂದು ಕಟ್ಟೆಯ ಮೇಲೆ ಕೂರುತ್ತಾರೆ ಎಂದು ಹೊಳೆಸಾಲಿನ ಊರುಗಳಲ್ಲಿ ಒಂದು ಮಾತಿದೆ. ತಮ್ಮ ಹೆಸರು ಬರುವ ತನಕ ಕಾಯುತ್ತಾರಂತೆ, ಬಂದ ಮೇಲೆ ತಣ್ಣಗಾಗಿ ಎದ್ದು ಹೋಗುತ್ತಾರಂತೆ. ಬಾಳಪ್ಪ ಹೆಳವರ ಈ ಮಾತನ್ನು ನಂಬಿದ್ದ. ನಂಬದವನಿಗೆ ಆ ಕಾಯಕ ಕೈಗೆ ಹತ್ತುವುದಿಲ್ಲ.

ಕೃಷ್ಣೆಯ ಎರಡೂ ದಂಡೆ ಸೇರಿ ಅವನಿಗೆ ನಾಲ್ಕುನೂರು ಮನೆ ಒಕ್ಕಲು. ಎತ್ತಿನ ಮೇಲೆ ಹೊತ್ತಿಗೆಯ ಚೀಲ ಹೇರಿಕೊಂಡು ಮೂರು ವರ್ಷಕ್ಕೊಮ್ಮೆ ಒಂದೊಂದು ಮನೆಯ ಮುಂದೆ ನಿಲ್ಲಬೇಕು. ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ಹೆಸರು ಹೇಳಬೇಕು. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕೊಟ್ಟ ಜೋಳ ಚೀಲಕ್ಕೆ ಸುರಿದುಕೊಂಡು ಮುಂದಿನ ಬಾಗಿಲಿಗೆ ನಡೆಯಬೇಕು. ಏಳು ತಲೆಮಾರಿನಿಂದ ಇದೇ ನಡೆ.

ಹನ್ನೆರಡು ವರ್ಷದ ಹಿಂದೆ ಮಗಳು ಕಸ್ತೂರಿ ಕಾಲೇಜು ಮುಗಿಸಿ ಬಂದು, ಅಪ್ಪನ ಹೊತ್ತಿಗೆಗಳನ್ನೆಲ್ಲ ಒಂದು ಲ್ಯಾಪ್‌ಟಾಪಿಗೆ ಇಳಿಸಿದಳು. ಎರಡು ಮಳೆಗಾಲ ಹಿಡಿಯಿತು. ಕೊನೆಯ ಹೆಸರು ಬಿದ್ದ ದಿನ ಬಾಳಪ್ಪ ಮಿಂದು ಮಡಿಯುಟ್ಟು, ಹಳೆಯ ಹೊತ್ತಿಗೆಗಳಿಗೆ ಅರಿಷಿಣ ಕುಂಕುಮ ಏರಿಸಿ ಹೊಳೆಗೆ ಬಿಟ್ಟ. ಅದು ಅವರ ಕಟ್ಟಳೆ. ಹೊಸ ಹೊತ್ತಿಗೆ ಆದ ಮೇಲೆ ಹಳೆಯದನ್ನು ಇಟ್ಟುಕೊಳ್ಳುವಂತಿಲ್ಲ. ಆಮೇಲೆ ಜಮೀನಿನ ವಾರಸುದಾರರನ್ನು ತೀರ್ಮಾನಿಸಲು ಕಚೇರಿಯವರೇ ಹೆಳವನ ದಾಖಲೆ ಕೇಳತೊಡಗಿದರು. ಬಾಳಪ್ಪನನ್ನು ‘ಮೂಲದಾರ’ ಎಂದು ನೋಂದಾಯಿಸಿ ಅವನ ಹೆಬ್ಬೆಟ್ಟನ್ನು ಯಂತ್ರಕ್ಕೆ ಪರಿಚಯ ಮಾಡಿಸಿದರು. ಅವನು ಬರೆದ ಸಾಲಿಗೆ ಯಾವ ಕಚೇರಿಯೂ ಎದುರಾಡುತ್ತಿರಲಿಲ್ಲ.

ಈ ವರ್ಷ ‘ಅಖಂಡ’ ಬಂತು. ಕಚೇರಿ, ಆಸ್ಪತ್ರೆ, ಶಾಲೆ, ಅಂಗಡಿ, ಎಲ್ಲ ಯಂತ್ರಗಳಿಗೂ ಒಂದೇ ಕಾರ್ಯಾಚರಣ ವ್ಯವಸ್ಥೆ. ಸೀಗಿ ಹುಣ್ಣಿಮೆಯೊಳಗೆ ಬದಲಾಯಿಸಿಕೊಳ್ಳದ ಯಂತ್ರದ ಜೊತೆ ಉಳಿದ ಯಂತ್ರಗಳು ಮಾತಾಡುವುದಿಲ್ಲ ಎಂದು ಡಂಗುರವಾಯಿತು.

ತಾಲ್ಲೂಕಿನ ವರ್ಗಾವಣೆ ಕೇಂದ್ರ ಒಂದು ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಗೋಡೆಯುದ್ದಕ್ಕೂ ಕಪ್ಪು ಪೆಟ್ಟಿಗೆಗಳು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದವಳು ಮೆಹಜಬೀನ್ ನದಾಫ. ಬಾಳಪ್ಪನ ಲ್ಯಾಪ್‌ಟಾಪು ತೆರೆದವಳೇ ನಕ್ಕಳು.

“ಕಾಕಾ, ಇದು ಲ್ಯಾಪ್‌ಟಾಪೋ ರೊಟ್ಟಿ ಬಡಿಯೋ ಕಲ್ಲೋ? ಒಳಗ ಬೊಗಸಿ ಹಿಟ್ಟ ಐತಲ್ರಿ!”

“ಎತ್ತಿನ ಮ್ಯಾಲೆ ಕುಂತು ಊರೂರು ತಿರಗೈತವಾ. ಹಸಿವ್ಯಾದಾಗ ತಿಂದಿರಬೇಕು.”

ಅವನು ಕಿಸೆಯಿಂದ ಊದಿನಕಡ್ಡಿ ತೆಗೆದದ್ದು ನೋಡಿ ಅವಳು ಕೈ ಅಡ್ಡ ಹಿಡಿದಳು. “ಹಚ್ಚಬ್ಯಾಡ್ರಿ, ಹೊಗಿ ಕಂಡ್ರ ಇಡೀ ಗೋದಾಮು ಒದರಾಕ ಹತ್ತತೈತಿ.” ಬಾಳಪ್ಪ ಹಚ್ಚದ ಕಡ್ಡಿಯನ್ನೇ ಯಂತ್ರಕ್ಕೆ ಮೂರು ಸುತ್ತು ನಿವಾಳಿಸಿ ಮತ್ತೆ ಕಿಸೆಯಲ್ಲಿಟ್ಟ.

ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಮೆಹಜಬೀನ್ ಓದಿ ಹೇಳಿದಳು. “ಹಳೇದರದು ಒಂದ ನಕಲು ಇಡಲೇನ್ರಿ ಕಾಕಾ? ಸಣ್ಣ ಡಿಸ್ಕಿನ್ಯಾಗ ಹಾಕಿ ಕೊಡತೇನಿ. ಎಲ್ಲಾರೂ ಇಟ್ಕೋತಾರ.”

“ಬ್ಯಾಡವಾ. ಎರಡ ಹೊತ್ತಿಗಿ ಇಟ್ಟಾವಂಗ ಎರಡ ನಾಲಿಗಿ ಅಂದಾರ ನಮ್ಮ ಹಿರ್ಯಾರು. ಹೊಸಾದು ಬಂತಂದ್ರ ಹಳೇದು ಹೊಳಿಗೆ.”

“ಇದನ್ನ ಹೊಳಿಗೆ ಹೆಂಗ ಬಿಡೋದ್ರಿ?”

“ನೀ ಅಳಿಸಿಬಿಡು. ಅದ ಹೊಳಿ.”

ಅವಳು ಅಳಿಸಿದಳು. ಮತ್ತೊಂದು ಪ್ರಶ್ನೆ ಬಂತು: ಅಪೂರ್ಣ ನಮೂದುಗಳನ್ನು ಪೂರ್ಣಗೊಳಿಸಬಹುದೆ? ದಿನಕ್ಕೆ ನೂರು ಯಂತ್ರ ಕಾಣುವ ಕೈ ಅದು, ‘ಹೌದು’ ಎಂದು ಒತ್ತಿ ಮುಂದೆ ಹೋಯಿತು. ಬಾಳಪ್ಪ ಕೈಮುಗಿದು ನಿಂತಿದ್ದ. ಅವನ ಲೆಕ್ಕದಲ್ಲಿ ಅದು ಒಂದು ಹೊತ್ತಿಗೆಯ ಸಾವು, ಇನ್ನೊಂದರ ಹುಟ್ಟು. ಅಂಥ ಹೊತ್ತಿನಲ್ಲಿ ಮಾತಾಡಬಾರದು.

ಹುಣ್ಣಿಮೆ ಕಳೆದ ಮರುವಾರ ಅವನು ಯರಗುಂಡಿಯ ನೀಲಗಂಗವ್ವನ ಬಾಗಿಲಲ್ಲಿ ನಿಂತ. ಎಪ್ಪತ್ತು ದಾಟಿದ ಗೌಡ್ತಿ, ನಿಂಗನಗೌಡನ ಹೆಂಡತಿ, ಮೊರದ ತುಂಬ ಜೋಳ ಹಿಡಿದು ಹೊಸ್ತಿಲೊಳಗೆ ನಿಂತಿದ್ದಳು. ಹಿಂದೆ ಮೊಮ್ಮಗನ ಹೆಂಡತಿ ಶೈಲಾ ಹುಣಸೆಕಾಯಿ ಚೀಪುತ್ತಿದ್ದಳು.

“ಮುಂದಿನ ಸಲ ಬಂದಾಗ ಒಂದ ಹೆಸರು ಹೆಚ್ಚಿಗಿ ಬರೀಬೇಕಾಕೈತಿ ನೋಡಪಾ ಹೆಳವಪ್ಪ,” ಎಂದು ಮುದುಕಿ ಕಣ್ಣಲ್ಲೇ ಶೈಲಾಳನ್ನು ತೋರಿಸಿದಳು.

“ಬರಿಯೋಣ್ರಿ, ತೊಟ್ಲಾಗ ಹಾಕಿದ ಮ್ಯಾಲೆ,” ಎಂದ ಬಾಳಪ್ಪ. ಹುಟ್ಟುವ ಮೊದಲು ಬರೆದರೆ ಆಯುಷ್ಯಕ್ಕೆ ಕತ್ತರಿ ಹಾಕಿದಂತೆ ಎಂಬುದೂ ಅವರ ಕಟ್ಟಳೆಯೇ.

ಎತ್ತಿನ ಬೆನ್ನ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟು ಅವನು ದನಿ ಎತ್ತಿದ. ಮೂಲಪುರುಷ ಬಂದ, ಅವನ ಐದು ಮಕ್ಕಳು ಬಂದರು, ಬರಗಾಲಕ್ಕೆ ಊರು ಬಿಟ್ಟವರು ಬಂದರು, ತಿರುಗಿ ಬಂದವರು ಬಂದರು. “ನಿಂಗನಗೌಡನ ಹೊಟ್ಟಿಲೆ ಮೂರು. ಒಂದು ಸಂಗನಗೌಡ, ಎರಡು ಶಿವಗಂಗವ್ವ, ಮೂರು...”

ಮೂರನೆಯದಕ್ಕೆ ಹೆಸರಿರಲಿಲ್ಲ. ಹೆಸರಿಡುವ ಮೊದಲೇ ಹೋದ ಕೂಸಿಗೆ ಹೆಳವರು ಹೊತ್ತಿಗೆಯಲ್ಲಿ ಒಂದು ಖಾಲಿ ಸಾಲು ಬಿಡುತ್ತಾರೆ. ಅದು ಉಸಿರಿನ ಸಾಲು. ಅಲ್ಲಿಗೆ ಬಂದಾಗ ಹೆಳವ ಬಾಯಿ ಮುಚ್ಚಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾನೆ. ಕೇಳುವವರೂ ನಿಲ್ಲುತ್ತಾರೆ. ಆ ಕೂಸಿಗೆ ಈ ಲೋಕದಲ್ಲಿ ಸಲ್ಲುವ ಪೂಜೆ ಅಷ್ಟೇ. ಕಸ್ತೂರಿ ಟೈಪು ಮಾಡುವಾಗಲೂ ಅಂಥ ಸಾಲುಗಳನ್ನೆಲ್ಲ ಖಾಲಿಯೇ ಬಿಟ್ಟಿದ್ದಳು.

ಆದರೆ ಅಂದು ಕಣ್ಣು ಪರದೆಯ ಮೇಲಿತ್ತು, ನಾಲಿಗೆ ಲಯದ ಬೆನ್ನೇರಿ ಓಡುತ್ತಿತ್ತು. ನಿಲ್ಲಬೇಕಾದಲ್ಲಿ ಅದು ನಿಲ್ಲಲಿಲ್ಲ.

“...ಮೂರು ಹೊನ್ನಕ್ಕ.”

ಮುದುಕಿಯ ಕೈಯಿಂದ ಮೊರ ಜಾರಿತು. ಜೋಳ ಹೊಸ್ತಿಲ ತುಂಬ ಚೆಲ್ಲಿತು.

“ಆ ಹೆಸರು ನಿನಗ್ಯಾರು ಹೇಳಿದ್ರು?”

ಬಾಳಪ್ಪ ಪರದೆ ನೋಡಿದ. ಖಾಲಿ ಇದ್ದ ಸಾಲಿನಲ್ಲಿ ಕಪ್ಪು ಅಕ್ಷರಗಳು ಮೊದಲಿನಿಂದ ಅಲ್ಲೇ ಇದ್ದಂತೆ ಕೂತಿದ್ದವು.

“ನಲವತ್ತ ವರ್ಷದ ಮ್ಯಾಲಾತು,” ಎಂದಳು ನೀಲಗಂಗವ್ವ ಜೋಳದ ನಡುವೆಯೇ ಕುಸಿದು ಕೂತು. “ಒಂದ ತಾಸೂ ಬದುಕಲಿಲ್ಲ ಅದು. ಒಯ್ಯಾಕ ಬಂದಾಗ ಕಿವ್ಯಾಗ ಒಂದ ಸಲ ಹೆಸರ ಕರದಿದ್ದೆ. ಗೌಡ್ರಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.” ಕಣ್ಣೊರೆಸಿಕೊಂಡು ಅವಳು ಕೇಳಿದ್ದು ಬೈಗುಳವಲ್ಲ. “ಇನ್ನೊಂದ ಸಲ ಹೇಳಪಾ.”

ಆ ಸುದ್ದಿ ಎತ್ತಿಗಿಂತ ಮುಂದೆ ನಡೆಯಿತು. ಬಾಳಪ್ಪ ಊರು ಸೇರುವಷ್ಟರಲ್ಲಿ ಅವನ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಒಬ್ಬಳ ಮಡಿಲಲ್ಲಿ ಸೇರು ಜೋಳ, ಒಬ್ಬಳ ಕೈಯಲ್ಲಿ ಅರಿಷಿಣದ ಬೇರು. ಎಲ್ಲರಿಗೂ ಬೇಕಾದದ್ದು ತಮ್ಮ ಕೂಸಿನ ಹೆಸರೊಂದೇ. ಯಂತ್ರದಲ್ಲಿ ಉಸಿರಿನ ಸಾಲುಗಳೆಲ್ಲ ತುಂಬಿದ್ದವು. ಕೇಳಿದವಳೊಬ್ಬಳೂ ‘ತಪ್ಪು’ ಎನ್ನಲಿಲ್ಲ. ಕೆಲವರು ಅತ್ತರು. ಕೆಲವರು ಹೆಸರನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡವರಂತೆ ಎದ್ದು ಹೋದರು.

ಮದುವೆಯಾಗಿ ಎಂಟು ವರ್ಷದ ಮೇಲೆ ಬಸುರಾಗಿ ತವರಿಗೆ ಬಂದಿದ್ದ ಕಸ್ತೂರಿ ಇದನ್ನೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತಿದ್ದಳು.

“ಅಪ್ಪಾ, ಅದು ಖರೇನ ಹೇಳತೈತೋ, ಅದು ಹೇಳಿದ್ದನ್ನ ಇವರು ಖರೇ ಮಾಡ್ಕೋತಾರೋ?”

“ದೇವರ ಆಟ ಇರಬೇಕವಾ.”

“ದೇವರಾಗಿದ್ರ ಸುಮ್ಮನ ಇರತಿದ್ದ,” ಎಂದಳು ಅವಳು.

ಬಾಳಪ್ಪನಿಗೆ ಅಂದು ರೊಟ್ಟಿ ಸೇರಲಿಲ್ಲ. ಎಷ್ಟೋ ವರ್ಷ ಅವನು ಕಾದುಕೊಂಡು ಬಂದಿದ್ದ ಮೌನ ಅದು. ಯಾರೋ ಗರ್ಭಗುಡಿಗೆ ನುಗ್ಗಿ ದೀಪ ಹಚ್ಚಿದಂತಿತ್ತು. ಬೆಳಕೇನೋ ಬಂದಿದೆ. ಆದರೆ ಒಳಗೆ ಕಾಲಿಟ್ಟವರು ಯಾರು?

ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ಒಂದೊಂದು ಮನೆತನದ ಪುಟದ ಕೆಳಗೂ ಹೆಳವರು ಮೂರು ಸಾಲು ಜಾಗ ಬಿಡುತ್ತಾರೆ, ಇನ್ನು ಹುಟ್ಟಬೇಕಾದವರಿಗೆ. ಜಾಗ ಬಿಡದ ಪುಟ ಎಂದರೆ ಆ ಮನೆ ಮುಗಿಯಿತು ಎಂದು. ದೀಪಾವಳಿಯ ಹೊತ್ತಿಗೆ ಆ ಸಾಲುಗಳೂ ತುಂಬತೊಡಗಿದವು. ಇಂಥ ತಿಥಿ, ಗಂಡು, ಇಂಥ ಹೆಸರು. ಎರಡು ಮನೆಗಳಲ್ಲಿ ಅದು ಬರೆದಿದ್ದ ತಿಥಿಗೇ ಹೆರಿಗೆಯಾಯಿತು. ಹಿಪ್ಪರಗಿ ದಾರಿಯ ಒಬ್ಬ ಒಕ್ಕಲಿನ ಹೆಸರಿನ ಮುಂದೆ ಬೂದಿ ಬಣ್ಣದಲ್ಲಿ ಇನ್ನೊಂದು ತಾರೀಖು ಮೂಡಿತ್ತು. ಆ ದಿನ ಅವನು ಹೊಲದ ಬದುವಿನ ಮೇಲೆ ಕೂತವನು ಏಳಲಿಲ್ಲ. ಬಾಳಪ್ಪ ಲ್ಯಾಪ್‌ಟಾಪನ್ನು ದೇವರ ಜಗಲಿಯಿಂದ ತೆಗೆದು ಜೋಳದ ಹಗೇವಿನ ಪಕ್ಕದ ಗೂಡಿನಲ್ಲಿಟ್ಟು ಬಟ್ಟೆ ಮುಚ್ಚಿದ.

ಬಟ್ಟೆ ಸರಿಸಿದವಳು ಕಸ್ತೂರಿ. ಒಂದು ಮಧ್ಯಾಹ್ನ ಅವನು ಎತ್ತಿಗೆ ನೀರು ಕುಡಿಸಿ ಒಳಗೆ ಬಂದಾಗ ಅವಳು ನೆಲದ ಮೇಲೆ ಕೂತು ತಮ್ಮ ಮನೆಯ ಪುಟವನ್ನೇ ತೆರೆದಿದ್ದಳು.

“ಎಲ್ಲಾ ಕಡೆ ತುಂಬೈತಿ ಅಪ್ಪಾ. ಇಲ್ಲೊಂದು ಬಿಟ್ಟೈತಿ.”

“ಖಾಲಿ ಇದ್ರ ಛಲೋನ ಆತಲ್ಲ. ದೇವರ ಕೈಯಾಗ ಬಿಟ್ಟೈತಿ.”

“ಪೂರಾ ಖಾಲಿ ಇಲ್ಲ. ತಿಥಿ ಬರದೈತಿ, ಎಳ್ಳಮಾಸಿ ಅಂತ. ಹೆಣ್ಣು ಅಂತ ಬರದೈತಿ. ಹೆಸರಿನ ಜಾಗ ಅಷ್ಟ ಬಿಟ್ಟೈತಿ.” ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. “ಉಸಿರಿನ ಸಾಲಿದು. ಅದಕ್ಕ ಕಲಿಸಿದಾಕಿ ನಾನ. ನಾಲ್ಕನೂರ ಮನಿದು ನಾನ ಟೈಪ ಮಾಡಿ ಕಲಿಸೇನಿ.”

ಮರುದಿನ ಬೆಳಿಗ್ಗೆ ಬಾಳಪ್ಪ ಗೋದಾಮಿನ ಬಾಗಿಲಲ್ಲಿದ್ದ. ಮೆಹಜಬೀನ್ ಚಹ ತರಿಸಿದಳು. ಅವನು ಮುಟ್ಟಲಿಲ್ಲ.

“ಹಳೇದನ್ನ ತಿರುಗಿ ತಂದು ಕೊಡವಾ.”

“ಅಳಿಸಿದ್ದು ಬರೂದಿಲ್ಲ ಕಾಕಾ. ನಕಲು ಇಡಲೇನಂತ ಕೇಳಿದ್ದೆ. ನೀವ ಹೊಳಿಗೆ ಅಂದ್ರಿ.”

ಅವಳು ತನ್ನ ಪರದೆಯಲ್ಲಿ ತುಂಬ ಹೊತ್ತು ಹುಡುಕಿದಳು. ಆಮೇಲೆ ಮೆಲ್ಲನೆ ಬಿಡಿಸಿ ಹೇಳಿದಳು. ಅಖಂಡಕ್ಕೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಯಾವ ಮನೆಯಲ್ಲಿ ಮೂರನೆಯ ಹೆಣ್ಣಿಗೆ ಯಾರ ಹೆಸರಿಡುತ್ತಾರೆ, ಯಾರ ರಕ್ತ ಎಷ್ಟು, ಯಾರ ಅವ್ವನ ಹೆರಿಗೆ ಹೇಗಾಗಿತ್ತು ಎಂಬುದನ್ನೆಲ್ಲ ಹೆಳವನ ಹೊತ್ತಿಗೆಯಿಂದ, ಆಸ್ಪತ್ರೆಯ ಚೀಟಿಯಿಂದ, ಶಾಲೆಯ ಹಾಜರಿಯಿಂದ ಕೂಡಿಸಿ, ಹೆಚ್ಚು ಸಂಭವ ಇರುವುದನ್ನು ಬರೆಯುತ್ತದೆ. ಹುಟ್ಟಲಿರುವ ಕೂಸು ಉಳಿಯುವ ಸಂಭವ ಕಡಿಮೆ ಕಂಡರೆ ಮಾತ್ರ, ಹೊತ್ತಿಗೆಯಿಂದ ಕಲಿತಂತೆ, ಹೆಸರಿನ ಜಾಗ ಖಾಲಿ ಬಿಡುತ್ತದೆ.

“ಅದು ಬರೇ ಅಂದಾಜು ಹೌದಿಲ್ಲೋ? ಬರದಂಗ ಹೆಂಗ ಆಕೈತಿ?”

ಮೆಹಜಬೀನ್ ಬಾಗಿಲ ಕಡೆ ನೋಡಿ ಪರದೆಯನ್ನು ಅವನತ್ತ ತಿರುಗಿಸಿದಳು. “ಇದನ್ನ ತೋರಸಬಾರದು. ಆದ್ರೂ ನೋಡ್ರಿ. ಆಸ್ಪತ್ರಿಯೊಳಗೂ ಅಖಂಡನ ಐತಿ. ಎಳ್ಳಮಾಸಿ ದಿನ ಡಾಕ್ಟರಬಾಯಿ ಒಬ್ಬಾಕಿ, ಕೂಸು ಉಳಸೋ ಗಾಜಿನ ಪೆಟಗಿ ಒಂದು. ಯಾರಿಗೆ ಮೊದಲು ಅಂತ ಪಟ್ಟಿ ಅದ ಮಾಡತೈತಿ. ಉಳಿಯೋ ಕೂಸಿಗೆ ಮೊದಲು. ನಿಮ್ಮ ಮಗಳ ಹೆಸರು ಕಡೀಕ ಐತಿ.”

ಬಾಳಪ್ಪ ಪಟ್ಟಿಯ ಕೊನೆಯ ಸಾಲಿಗೆ ಬೆರಳಿಟ್ಟ.

“ಅಂದ್ರ ಸಾಲು ಖಾಲಿ ಐತಂತ ಪೆಟಗಿ ಸಿಗೂದಿಲ್ಲ. ಪೆಟಗಿ ಸಿಗಲಿಲ್ಲಂದ್ರ ಸಾಲು ಖಾಲಿನ ಉಳಿತೈತಿ.”

“ಹೂಂ. ಇದರಾಗ ಕೆಟ್ಟವರು ಯಾರೂ ಇಲ್ಲ ಕಾಕಾ. ಅದಕ್ಕ ನನಗ ಹೆದರಿಕಿ.”

“ಡಾಕ್ಟರಬಾಯಿಗೆ ಕೈಮುಗದು ಕೇಳಿದ್ರ?”

“ಕೇಳಬಹುದು. ಪಟ್ಟಿ ಮೀರೂ ಅಧಿಕಾರ ಆಕಿಗೈತಿ. ಆದ್ರ ಪಟ್ಟಿ ಐತಿ ಅನ್ನೂದ ಮಂದಿಗೆ ಗೊತ್ತಿಲ್ಲ, ಕೇಳಾಕ ಯಾರೂ ಹೋಗೂದಿಲ್ಲ. ನೀವು ಹೋದ್ರೂ ಆಕಿ ಒಪ್ಪತಾಳೋ ಇಲ್ಲೋ.” ಅವಳು ಅವನ ಬಲಗೈ ಹೆಬ್ಬೆರಳನ್ನು ನೋಡಿದಳು. “ಇನ್ನೊಂದ ದಾರಿ ಐತಿ. ನೀವು ಮೂಲದಾರ. ಆ ಸಾಲಿನ್ಯಾಗ ನೀವ ಒಂದ ಹೆಸರು ಬರದು ಹೆಬ್ಬಟ್ಟ ಒತ್ತಿದ್ರ ಅದು ಮರುಮಾತು ಆಡೂದಿಲ್ಲ. ಸಾವಿರ ಕೂಸಿಗೆ ಇಷ್ಟು ಸಾಲು ಖಾಲಿ ಅಂತ ಹಿಂದಿನ ವರ್ಷದ ಸರಾಸರಿ ಅದರ ಕಡೆ ಐತಿ. ಅಷ್ಟು ಸಾಲು ಅದು ಇಟ್ಟ ಇಡತೈತಿ. ನಿಮ್ಮದು ಅದರಾಗ ಇರೂದಿಲ್ಲ, ಅಷ್ಟ.”

ಆಗ ಬಾಳಪ್ಪ ಒಂದು ಪ್ರಶ್ನೆ ಕೇಳಬೇಕಿತ್ತು. ಅದು ಗಂಟಲಿನವರೆಗೆ ಬಂದಿತ್ತು ಕೂಡ. ಅವನು ತಣ್ಣಗಾದ ಚಹವನ್ನು ಒಂದೇ ಗುಟುಕಿಗೆ ಕುಡಿದು ಅದನ್ನು ಒಳಕ್ಕೆ ಇಳಿಸಿದ.

ಏಳು ತಲೆಮಾರಿನಲ್ಲಿ ಯಾವ ಹೆಳವನೂ ಸುಳ್ಳು ಸಾಲು ಬರೆದಿರಲಿಲ್ಲ. ಒಡೆಯರು ಹೆದರಿಸಿದಾಗ ಬರೆದಿರಲಿಲ್ಲ, ದಾಯಾದಿಗಳು ಹೊನ್ನು ತೋರಿಸಿದಾಗ ಬರೆದಿರಲಿಲ್ಲ. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಾಳಪ್ಪ ಹೊಳೆಯಲ್ಲಿ ಮೂರು ಮುಳುಗು ಹಾಕಿ ಬಂದು, ಒದ್ದೆ ಪಂಚೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು, ಇನ್ನೂ ಹುಟ್ಟದ ಕೂಸಿಗೆ ತನ್ನ ಅವ್ವನ ಹೆಸರು ಬರೆದ: ಮಾಳವ್ವ. ಹೆಬ್ಬೆಟ್ಟು ಒತ್ತಿದ. ‘ಮೂಲದಾರರ ಸಾಕ್ಷಿ ಸ್ವೀಕರಿಸಲಾಗಿದೆ’ ಎಂದು ಬಂತು. ಹೊರಗೆ ಎತ್ತು ಒಮ್ಮೆ ಕೊರಳು ಕೊಡವಿತು.

ಸಂಜೆಯೊಳಗೆ ಕಸ್ತೂರಿಯ ಫೋನಿಗೆ ಆಸ್ಪತ್ರೆಯ ಸಂದೇಶ ಬಂತು. ಹೆರಿಗೆಗೆ ಎರಡು ದಿನ ಮೊದಲೇ ಬಂದು ಸೇರಿಕೊಳ್ಳಿ, ಹಾಸಿಗೆ ಕಾಯ್ದಿರಿಸಲಾಗಿದೆ.

ಎಳ್ಳಮವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋಗಿದ್ದಾಗ ಕಸ್ತೂರಿ ಹೆತ್ತಳು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿ ಬಂದ ಕೂಸನ್ನು ಡಾಕ್ಟರಬಾಯಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ನಾಲ್ಕು ದಿನ ಕಾದಳು. ಐದನೆಯ ದಿನ ಅದು ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ಹದಿಮೂರನೆಯ ದಿನ ತೊಟ್ಟಿಲಲ್ಲಿ ಹಾಕಿ ಮಾಳವ್ವ ಎಂದು ಕಿವಿಯಲ್ಲಿ ಕರೆದರು. ನೆರೆಯವರು ಗುಗ್ಗರಿ ತಿಂದು, “ಮುತ್ಯಾನ ಮೂಗ ಬಂದೈತಿ, ಪಾಪ, ವರ ಹೆಂಗ ಸಿಗತಾನೋ,” ಎಂದು ನಕ್ಕು ಹೋದರು. ಬಾಳಪ್ಪನೂ ನಕ್ಕ. ಬಹಳ ದಿನದ ಮೇಲೆ ನಕ್ಕ.

ನಕ್ಕವನು ಒಳಗೆ ಹೋಗಿ ಕೂಸಿನ ಹೆಸರು ಬರೆಯಲು ಹೊತ್ತಿಗೆ ತೆರೆದ. ಬರೆಯಲು ಏನೂ ಇರಲಿಲ್ಲ. ಬರೆದಾಗಿತ್ತು. ಕೈ ಸುಮ್ಮನಿರದೆ ಪುಟಗಳನ್ನು ಸರಿಸುತ್ತ ಹೋಯಿತು. ಏನು ಹುಡುಕುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಸರಿಸಿದ. ನೂರು ಮನೆ, ಇನ್ನೂರು ಮನೆ. ಎಲ್ಲ ತುಂಬಿದ್ದವು.

ಯರಗುಂಡಿಯ ಪುಟದ ಕೆಳಗೆ, ಶೈಲಾಳ ಹೆಸರಿನಡಿ, ಮುಂದಿನ ತಿಂಗಳ ಭಾರತ ಹುಣ್ಣಿಮೆಯ ತಿಥಿ ಇತ್ತು. ಗಂಡು ಎಂದಿತ್ತು. ಹೆಸರಿನ ಜಾಗ ಖಾಲಿ ಇತ್ತು. ದೀಪಾವಳಿಗೆ ನೋಡಿದಾಗ ಅಲ್ಲಿ ಒಂದು ಹೆಸರಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಅವನ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಅಲ್ಲೂ ಒಂದು ಹೆಸರು ಬರೆದರೆ? ಹಿತ್ತಲಿನಿಂದ ಓಡಿಸಿದ ಹಾವು ಹುತ್ತಕ್ಕೇನೂ ಹೋಗುವುದಿಲ್ಲ, ನೆರೆಮನೆಗೆ ಹೋಗುತ್ತದೆ. ಅಲ್ಲಿಂದ ಅಟ್ಟಿದರೆ ಮತ್ತೊಂದು ಮನೆ. ನಾಲ್ಕುನೂರು ಮನೆ ದಾಟಿ, ತನ್ನ ಒಕ್ಕಲಲ್ಲದ, ತಾನು ಹೆಸರೇ ಕೇಳದ ಯಾವಳೋ ತಾಯಿಯ ಹೆಸರಿನಡಿ ಹೋಗಿ ಮಲಗುತ್ತದೆ. ಆಗ ಅದು ತನ್ನ ಕಣ್ಣಿಗೆ ಬೀಳುವುದೂ ಇಲ್ಲ. ಆ ನೆಮ್ಮದಿಯ ಆಸೆ ಒಂದು ಗಳಿಗೆ ಅವನನ್ನು ಹಿಡಿದು ನಿಲ್ಲಿಸಿತು. ಪಡಸಾಲೆಯಲ್ಲಿ ಕೂಸು ಸೀನಿತು. ಅವನು ಲ್ಯಾಪ್‌ಟಾಪು ಮುಚ್ಚಿದ.

ಮರುದಿನ ಯರಗುಂಡಿಗೆ ಹೊರಟಾಗ ಎತ್ತಿನ ಮೇಲೆ ಬರಿಯ ಚೀಲವಿತ್ತು. ಹೊತ್ತಿಗೆ ಮನೆಯಲ್ಲೇ ಉಳಿಯಿತು.

“ಏನಪಾ ಹೆಳವಪ್ಪ! ಮೂರ ವರ್ಷಕ್ಕ ಬರಾಂವ ಮೂರ ತಿಂಗಳಿಗೆ ಬಂದಿ?” ಎಂದಳು ನೀಲಗಂಗವ್ವ. “ಎತ್ತು ದಾರಿ ತಪ್ಪಿಸಿತೋ, ನನ್ನ ಜ್ವಾಳ ರುಚಿ ಹತ್ತಿತೋ?”

ಶೈಲಾ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಚೌಕಟ್ಟಿಗೆ ಆನಿಕೊಂಡಳು. ಮುದುಕಿ ಒಳಗೆ ಹೋಗಿ ಮೊರ ತುಂಬಿ ತಂದಳು. ಹೆಳವ ಅವೇಳೆಯಲ್ಲಿ ಬಂದರೂ ಬರಿಗೈಯಲ್ಲಿ ಕಳಿಸುವಂತಿಲ್ಲ.

ಬಾಳಪ್ಪ ಕಣ್ಣು ಮುಚ್ಚಿ ದನಿ ಎತ್ತಿದ. ಪರದೆಯಿಲ್ಲ, ಅಕ್ಷರವಿಲ್ಲ, ಅಪ್ಪನಿಂದ ಕಿವಿಗೆ ಬಿದ್ದ ಲಯವೊಂದೇ. ಮೂಲಪುರುಷ ಬಂದ, ಐದು ಮಕ್ಕಳು ಬಂದರು. ನಿಂಗನಗೌಡನ ಮೂರನೆಯದಕ್ಕೆ ಬಂದಾಗ ಅವನು ಬಾಯಿ ಮುಚ್ಚಿ ಒಂದು ಉಸಿರು ನಿಂತ, ಹಿಂದಿನಂತೆ. ನೀಲಗಂಗವ್ವನೂ ನಿಂತಳು. ಮತ್ತೆ ಲಯ ಮೇಲೆದ್ದು ಸಂಗನಗೌಡನಿಗೆ ಬಂತು, ಅವನ ಮಗನಿಗೆ ಬಂತು, ಮಗನ ಹೆಂಡತಿಗೆ ಬಂತು.

“ಶೈಲವ್ವನ ಹೊಟ್ಟಿಲೆ...”

ಅಲ್ಲಿ ಅವನು ನಿಂತ. ಒಂದು ಉಸಿರಿನಷ್ಟು.

ಹೆಳವ ಹುಟ್ಟದವರ ಹೆಸರು ಎತ್ತುವುದಿಲ್ಲ ಎಂಬುದು ನೀಲಗಂಗವ್ವನಿಗೆ ಗೊತ್ತಿತ್ತು. ಹೆಳವ ಎಲ್ಲಿ ನಿಲ್ಲುತ್ತಾನೆ, ಯಾಕೆ ನಿಲ್ಲುತ್ತಾನೆ ಎಂಬುದು ಆ ಅಂಗಳದಲ್ಲಿ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಈ ಸಲ ಮೊರ ಜಾರಲಿಲ್ಲ. ಅವಳು ಅದನ್ನು ಎರಡೂ ಕೈಯಿಂದ ಎದೆಗವಚಿ ಹಿಡಿದಳು.

“ಒಳಗ ಹೋಗು ಶೈಲಾ,” ಎಂದಳು. ಶೈಲಾ ಕದಲಲಿಲ್ಲ.

“ಯಾವಾಗ ಅಂತ ಹೇಳು ಬಾಳಪ್ಪ. ಯಾರ ಕಾಲ ಹಿಡೀಬೇಕು ಹೇಳು. ಎಲ್ಲಿಗಿ ಹೋಗಬೇಕಂದ್ರೂ ಹೋಗತೇನಿ.”

“ಎಲ್ಲಾ ಹೇಳತೇನ್ರಿ. ಡಾಕ್ಟರಬಾಯಿ ಕಡೆ ನಾನೂ ನಿಮ್ಮ ಜೋಡಿ ಬರತೇನಿ.” ಅವನು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. ಆ ಬಾಗಿಲಲ್ಲಿ ಯಾವ ಹೆಳವನೂ ಎಂದೂ ರುಮಾಲು ತೆಗೆದಿರಲಿಲ್ಲ. “ಅದಕ್ಕೂ ಮೊದಲ ಒಂದ ಮಾತು ಹೇಳಬೇಕು ಗೌಡ್ತಿ. ಜ್ವಾಳ ಆಮ್ಯಾಲೆ ಹಾಕ್ರಿ, ಹಾಕಬೇಕು ಅನಿಸಿದ್ರ. ಈ ಸಾಲು ನಿಮ್ಮ ಮನಿದಲ್ಲ. ನನ್ನ ಮನಿದು.”